ವರ್ಷದ ಕೊನೆಯ ಊಟಕ್ಕೆ ಪ್ಲಮ್ ಸಾಸ್

ಜುಲೈ 6, ಭಾನುವಾರ. ಬೆಳಿಗ್ಗೆ 7

ಬಾಟಲಿಗಳು ಕುದಿಯುತ್ತಿವೆ. ಹನ್ನೆರಡು. ಪಾತ್ರೆಯ ತಳಕ್ಕೆ ಹಳೇ ಟವೆಲ್ ಹಾಸಿದ್ದೇನೆ, ಇಲ್ಲದಿದ್ದರೆ ಒಂದಕ್ಕೊಂದು ಬಡಿದುಕೊಂಡು ಬಿರುಕು ಬಿಡುತ್ತವೆ. ಪ್ಲಮ್ ಎಂಟು ಕಿಲೋ. ನಿನ್ನೆಯೇ ತೊಳೆದು ಬಟ್ಟೆಯ ಮೇಲೆ ಹರಡಿದ್ದಾಯಿತು. ಅತ್ತೆ ಐದಕ್ಕೇ ಎದ್ದು ಒಂದೊಂದು ಹಣ್ಣನ್ನೂ ಮೂಸಿ ಎರಡು ಗುಂಪು ಮಾಡಿದ್ದಾರೆ. ಒಂದು ಮೆತ್ತಗಿನದು. ಇನ್ನೊಂದು ‘ಜಂಬದ್ದು’. ಗಟ್ಟಿ ಹಣ್ಣಿಗೆ ಅವರು ಇಟ್ಟಿರುವ ಹೆಸರು. ಜಂಬದ್ದು ಮೂರರಲ್ಲಿ ಒಂದು ಪಾಲು ಇರಲೇಬೇಕು. ಇಲ್ಲದಿದ್ದರೆ ಸಾಸ್ ನೀರಾಗುತ್ತದೆ.

ಡಿಸೆಂಬರ್ 31ರ ಊಟಕ್ಕೆ ಜುಲೈಯಲ್ಲೇ ತಯಾರಿ. ಹಣ್ಣು ಸಿಗುವುದು ಈಗ ತಾನೇ. ಆ ದಿನ ಎಲ್ಲರಿಗೂ ರಜೆ, ಅತ್ತೆಯ ಕಡೆಯವರೆಲ್ಲ ಒಂದೇ ಮೇಜಿನ ಸುತ್ತ. ಸಾಸ್ ಮೊದಲು ಮಾಂಸದ ಪಕ್ಕಕ್ಕೆ, ಆಮೇಲೆ ಬ್ರೆಡ್ಡಿಗೆ, ಕೊನೆಗೆ ಬರೀ ಬೆರಳಿಗೆ.

ಇದು ನಾವಿಬ್ಬರೂ ಸೇರಿ ಮಾಡುತ್ತಿರುವ ಹದಿನೆಂಟನೇ ಸಲ. ಮೊದಲ ಹದಿನೈದು ಸಲ ನಾನು ಸೊಸೆ. ಈಗ ಮೂರು ವರ್ಷದಿಂದ ಏನು ಅಂತ ಗೊತ್ತಿಲ್ಲ — ಅದಕ್ಕೆ ಯಾರೂ ಹೆಸರು ಇಟ್ಟಂತಿಲ್ಲ. ಅತ್ತೆಯ ಮಗ ಇನ್ನೊಬ್ಬಳ ಜೊತೆ ಸಂಸಾರ ಹೂಡಲು ಹೊರಟಾಗ ತಾಯಿಯನ್ನೂ ಕರೆದರು. ಇವರು ಕುರ್ಚಿಯಿಂದ ಏಳಲೇ ಇಲ್ಲ. “ನೀನು ಬಿಟ್ಟಿದ್ದು ಹೆಂಡ್ತೀನ. ನಾನು ಸೊಸೇನ ಬಿಟ್ಟಿಲ್ಲ” ಅಂದರು. ಅಷ್ಟೇ. ಮತ್ತೆ ಆ ಮಾತು ಎತ್ತಿಲ್ಲ.

ಕರೆಯುತ್ತಿದ್ದಾರೆ. ಬೀಜ ಬಿಡಿಸಬೇಕು.

ಅದೇ ದಿನ, ಮಧ್ಯಾಹ್ನ 3

ಅತ್ತೆಯ ಮಗ ಬಂದಿದ್ದರು. ಫೋನ್ ಇಲ್ಲ, ಏನಿಲ್ಲ. ಮದುವೆಯಾಗಿದ್ದಾಗ ‘ನೀನು’ ಅನ್ನುತ್ತಿದ್ದೆವು, ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ ಮೇಲೆ ಇಬ್ಬರೂ ‘ನೀವು’. ಮರ್ಯಾದೆ ಹೆಚ್ಚಾಗಿದೆ.

“ನಿಮಗೆ ತೊಂದ್ರೆ ಇಲ್ಲ ಅಂದ್ರೆ, ಅಮ್ಮನ ಹತ್ರ ಎರಡು ನಿಮಿಷ...”

“ಅಡುಗೆಮನೇಲಿದ್ದಾರೆ, ಹೋಗಿ.”

ಅತ್ತೆ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದರು. ಸಾಸ್ ಆಗಲೇ ದಪ್ಪಗಾಗಿ ಗುಳುಗುಳು ಅನ್ನುತ್ತಿತ್ತು. ನಾನು ಪಕ್ಕದಲ್ಲೇ ಬಾಟಲಿ ಒರೆಸುತ್ತಿದ್ದೆ. ಎದ್ದು ಹೋಗಬೇಕಿತ್ತೇನೋ. ಹೋಗಲಿಲ್ಲ.

“ಅಮ್ಮಾ, ಅಕ್ಟೋಬರ್‌ಗೆ ಡೇಟ್ ಕೊಟ್ಟಿದ್ದಾರೆ.”

“ಯಾವ ಡೇಟು?”

“ಮಗೂದು.”

ಸೌಟು ನಿಲ್ಲಲಿಲ್ಲ. “ಸಂತೋಷ. ಅವಳನ್ನ ಹುಷಾರಾಗಿ ನೋಡ್ಕೋ” ಅಂದರು.

“ನೀನು ಬಂದಿದ್ರೆ ಅವಳಿಗೂ ಧೈರ್ಯ...”

“ನಾನು ಎಲ್ಲಿಗೂ ಬರಲ್ಲ. ಅವತ್ತೇ ಹೇಳಿದ್ದೀನಲ್ಲ.”

ಮಗ ಒಂದು ಲೋಟ ನೀರು ಕುಡಿದು ಹೋದರು. ನಾನು ಮುಚ್ಚಳಗಳನ್ನು ಬಿಸಿನೀರಿನಿಂದ ತೆಗೆಯುತ್ತಿದ್ದೆ. ಆಗ ವಾಸನೆ ಬಂತು. ತಳ ಹಿಡಿದಿತ್ತು.

ಸೌಟು ಅತ್ತೆಯ ಕೈಯಲ್ಲೇ ಇತ್ತು. ತಿರುಗುತ್ತಲೂ ಇತ್ತು. ಮೇಲೆ ಮೇಲೆ, ತಳಕ್ಕೆ ತಾಗದ ಹಾಗೆ.

“ವಯಸ್ಸಾಯ್ತು ಕಣೇ. ಮೂಗು ಕೆಲಸ ಮಾಡ್ತಿಲ್ಲ” ಅಂದರು.

ಬೆಳಿಗ್ಗೆ ಒಂದೊಂದೇ ಹಣ್ಣು ಮೂಸಿ ಬೇರೆ ಮಾಡಿದ ಮೂಗು!

ಅದೇ ದಿನ, ಸಂಜೆ 6

ತಳ ಕೆದಕದೆ ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ ಉಳಿಸಿಕೊಂಡೆವು. ಫ್ರಿಜ್ಜಿನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಹಾಕಿ ಬೆರಳಿನಿಂದ ಗೆರೆ ಎಳೆದೆ. ಗೆರೆ ಕೂಡಲಿಲ್ಲ. ಹದ ಬಂದಿದೆ. ಹನ್ನೆರಡು ಬಾಟಲಿಗೆ ಸಾಕಾಗಲಿಲ್ಲ, ಒಂಬತ್ತು ತುಂಬಿದವು. ಬಾಯಿ ಒರೆಸಿ, ಮುಚ್ಚಳ ಹಾಕಿ, ಮತ್ತೆ ಕಾಲು ಗಂಟೆ ಕುದಿಸಿ, ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟೆವು.

ಆಮೇಲೆ ಕೂತು ಕೇಳುವುದು. ಆರುತ್ತಾ ಬಂದ ಹಾಗೆ ಮುಚ್ಚಳ ಒಳಕ್ಕೆ ಎಳೆದುಕೊಂಡು ‘ಟಕ್’ ಅನ್ನುತ್ತದೆ. ಟಕ್ ಅಂದರೆ ಗಾಳಿ ಹೋಗದು, ವರ್ಷ ಇಟ್ಟರೂ ಕೆಡದು. ಪ್ರತಿ ಸಲ ಇಬ್ಬರೂ ಎಣಿಸುತ್ತೇವೆ, ಬಾಯಿ ಬಿಟ್ಟು. ಇವತ್ತು ನಾನೊಬ್ಬಳೇ ಎಣಿಸಿದೆ. ಅತ್ತೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಒಂಬತ್ತೂ ಆದ ಮೇಲೆ, “ಎಷ್ಟಾಯ್ತು?” ಅಂತ ಕೇಳಿದರು.

ಆಗಸ್ಟ್ 3, ಭಾನುವಾರ

ಹಾಸಿಗೆ ಕೊಡವುವಾಗ ಅತ್ತೆಯ ದಿಂಬಿನ ಕೆಳಗೆ ಹಳದಿ ಉಲ್ಲನ್. ಹೆಣಿಗೆ ಕಡ್ಡಿ ಇನ್ನೂ ಸಿಕ್ಕಿಸಿಕೊಂಡೇ ಇತ್ತು. ಟೋಪಿ. ನನ್ನ ಮುಷ್ಟಿಯಷ್ಟು ಕೂಡ ಇಲ್ಲ.

“ಇದು ಯಾರಿಗೆ ಅತ್ತೆ?”

“ಎದುರುಮನೆ ಟೈಲರ್ ಮಗಳಿಗೆ.”

ಎದುರುಮನೆ ಟೈಲರ್ ಮಗಳು ಈ ವರ್ಷ ಕಾಲೇಜು ಸೇರಿದಳು. ನಾನು ನಗಲಿಲ್ಲ. “ಚೆನ್ನಾಗಿದೆ” ಅಂತ ಹೇಳಿ ಮತ್ತೆ ದಿಂಬಿನ ಕೆಳಗೇ ಇಟ್ಟೆ.

ನನಗೂ ಎರಡು ಸಲ ಡೇಟ್ ಕೊಟ್ಟಿದ್ದರು. ಎರಡು ದಿನವೂ ಬರಲಿಲ್ಲ, ಅದಕ್ಕೆ ಮುಂಚೆಯೇ ಎಲ್ಲ ಮುಗಿದಿತ್ತು. ಆಗಲೂ ಅತ್ತೆ ಹೆಣೆದಿದ್ದರು. ಬಿಳಿ ಬಣ್ಣದ್ದು. ಅದು ಎಲ್ಲಿ ಹೋಯಿತು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಒಂದೇ ಮಾತು ಹೇಳಿದ್ದರು — “ನೀನಿದ್ದೀಯಲ್ಲ, ಸಾಕು.”

ನಾನು ಸಾಕಾಗಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಆಗಸ್ಟ್ 24, ಭಾನುವಾರ

ಎರಡು ವಾರದಿಂದ ನೋಡುತ್ತಿದ್ದೇನೆ. ಊಟ ಕಡಿಮೆ. ಕ್ಯಾಲೆಂಡರ್ ಮುಂದೆ ಹೋಗಿ ನಿಲ್ಲುತ್ತಾರೆ, ನಾನು ಬಂದರೆ ಕನ್ನಡಕ ಒರೆಸುತ್ತಾರೆ. ನಿನ್ನೆ ಫೋನಿನಲ್ಲಿ ಮಗನ ಹತ್ತಿರ ಪಿಸುಮಾತು — “ಕಾಲು ಊದಿಕೊಂಡಿದ್ರೆ ದಿಂಬಿನ ಮೇಲೆ ಎತ್ತಿಡೋಕೆ ಹೇಳು... ನಾನು ಹೇಗೆ ಬರ್ಲಿ ಕಣೋ? ಇವಳನ್ನ ಒಬ್ಬಳೇ ಬಿಟ್ಟು?”

ಇವಳು ಅಂದರೆ ನಾನು. ಅವರ ಕಾಲಿಗೆ ನಾನೇ ಕಲ್ಲು ಕಟ್ಟಿದ ಹಾಗಾಗಿದೆ.

‘ಹೋಗಿ ಅತ್ತೆ’ ಅಂತ ಹೇಳಿದರೆ ಹೋಗುವವರಲ್ಲ. ನಾನು ಹೇಳಿದಷ್ಟೂ ಕೂತ ಕಡೆಯಿಂದ ಏಳುವುದಿಲ್ಲ. ಬೇರೆ ಏನಾದರೂ ಮಾಡಬೇಕು.

ಸೆಪ್ಟೆಂಬರ್ 7, ಭಾನುವಾರ

ಹೇಳಿಬಿಟ್ಟೆ.

ತಿಂಡಿ ತಿನ್ನುವಾಗ. ಅವರ ಮುಖ ನೋಡದೆ, ತಟ್ಟೆ ನೋಡುತ್ತಾ. ನನ್ನ ತಂಗಿ ಬರುತ್ತಿದ್ದಾಳೆ, ಇಲ್ಲೇ ಕೆಲಸ ಸಿಕ್ಕಿದೆ, ನನ್ನ ಜೊತೆಗೇ ಇರುತ್ತಾಳೆ, ಅವಳಿಗೆ ಅತ್ತೆಯ ರೂಮು ಬೇಕಾಗುತ್ತದೆ. ತಂಗಿಯೇ ಯಾಕೆ ಬಾಯಿಗೆ ಬಂದಳೋ.

ಅತ್ತೆ ಚಹಾದ ಲೋಟ ಕೆಳಗಿಟ್ಟರು.

“ಯಾವಾಗ ಬರ್ತಾಳೆ?”

“ಈ ತಿಂಗಳ ಕೊನೇಲಿ.”

“ಹಾಲ್‌ನಲ್ಲಿ ನಾನು ಮಲಗಬಹುದು...”

“ಬೇಡ ಅತ್ತೆ. ಅವಳಿಗೆ ಸರಿಹೋಗಲ್ಲ. ನನಗೂ ಸ್ವಲ್ಪ... ಎಷ್ಟು ದಿನ ಅಂತ ಹೀಗೇ? ನನಗೂ ನನ್ನ ಪಾಡಿಗೆ ಇರಬೇಕು ಅನ್ಸುತ್ತೆ.”

ಕೊನೆಯ ಮಾತು ಮೊದಲೇ ಯೋಚಿಸಿದ್ದಲ್ಲ. ತಾನಾಗಿ ಬಂತು. ಹರಿತವಾಗಿ ಬಂತು.

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. “ಆಯ್ತು” ಅಂದರು. ಎದ್ದು ಇಬ್ಬರ ತಟ್ಟೆಯನ್ನೂ ತೊಳೆದರು. ಬೇಡ ಅಂದರೂ ಕೇಳಲಿಲ್ಲ.

ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಕೂತಿದ್ದೆ. ಎಷ್ಟು ಹೊತ್ತೋ. ಬಕೆಟ್ಟು ತುಂಬಿ ಹರಿಯುತ್ತಿತ್ತು.

ಸೆಪ್ಟೆಂಬರ್ 20, ಶನಿವಾರ

ಹೋದರು. ಮಗ ಕಾರು ತಂದಿದ್ದರು. ಎರಡು ಸೂಟ್‌ಕೇಸ್, ಒಂದು ಬುಟ್ಟಿ, ಮಡಚುವ ಕುರ್ಚಿ. ನಲವತ್ತು ವರ್ಷದ ಸಾಮಾನು ಹಿಂದಿನ ಸೀಟಿನಲ್ಲಿ ಹಿಡಿಸಿತು.

ಅವರ ಮಗ ಬಾಗಿಲಲ್ಲಿ ನಿಂತು “ಥ್ಯಾಂಕ್ಸ್” ಅಂದರು. ಯಾವುದಕ್ಕೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ.

“ಸಾಸ್?” ಅಂತ ನಾನು ಕೇಳಿದೆ. ಒಂಬತ್ತೂ ಡಬ್ಬದಲ್ಲಿ ಕಟ್ಟಿಟ್ಟಿದ್ದೆ. ಈ ಸಲ ವರ್ಷದ ಕೊನೆಯ ಊಟ ಅಲ್ಲೇ ಅಂತ ಅವರಲ್ಲಿ ತೀರ್ಮಾನ ಆಗಿದೆ.

“ಇರ್ಲಿ ಬಿಡು” ಅಂದರು ಅತ್ತೆ.

ಕಾರಿನ ಗಾಜು ಇಳಿಸಲಿಲ್ಲ. ನಾನು ಕೈ ಎತ್ತಿದೆ, ಆಮೇಲೆ ಕೂದಲು ಸರಿಮಾಡಿಕೊಂಡ ಹಾಗೆ ಇಳಿಸಿಕೊಂಡೆ. ಟೈಲರ್ ಬಾಗಿಲಲ್ಲಿದ್ದಳು. “ಎಷ್ಟು ದಿನಕ್ಕೆ?” ಅಂತ ಕೇಳಿದಳು. “ಸ್ವಲ್ಪ ದಿನ” ಅಂದೆ.

ಅಕ್ಟೋಬರ್ 14, ಮಂಗಳವಾರ

ಹಲ್ಲಿನ ಸೆಟ್ಟು ಕಟ್ಟುವ ನಮ್ಮ ಲ್ಯಾಬಿನಲ್ಲಿದ್ದಾಗ ಅತ್ತೆಯ ಮಗನ ಮೆಸೇಜ್ ಬಂತು. “ಹೆಣ್ಣು ಮಗು. ಇಬ್ಬರೂ ಕ್ಷೇಮ.” ನನಗೆ ಯಾಕೆ ಕಳಿಸಿದರು? ಎಲ್ಲರಿಗೂ ಒಟ್ಟಿಗೇ ಹೋಗಿರಬೇಕು.

ಉರಿಗೆ ಹಿಡಿದಿದ್ದ ಮೇಣದ ಅಚ್ಚು ಕರಗಿ ಮೇಜಿಗೆ ಇಳಿಯಿತು. ಮತ್ತೆ ಮೊದಲಿಂದ ಮಾಡಿದೆ. ಯಾರದೋ ಬಾಚಿಹಲ್ಲು.

ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಎಲ್ಲಿಗೂ ಹೋಗಲಿಲ್ಲ.

ನವೆಂಬರ್ 19, ಬುಧವಾರ

ಇದನ್ನು ಬರೆಯದೆ ಇರಲಾರೆ.

ಕೆಳಗೆ ಡಾಕ್ಟರರ ಕ್ಲಿನಿಕ್, ಮೇಲೆ ನಮ್ಮ ಲ್ಯಾಬ್. ರೋಗಿಯ ಬಾಯಿಯ ಅಳತೆ ಅವರು ತೆಗೆಯುತ್ತಾರೆ, ಅದಕ್ಕೆ ಪ್ಲಾಸ್ಟರ್ ಸುರಿದು ದವಡೆಯ ಅಚ್ಚು ಎತ್ತಿ ಹಲ್ಲಿನ ಸೆಟ್ಟು ಕಟ್ಟುವುದು ನಾನು. ಬೀದಿಯಲ್ಲಿ ನನಗೆ ಹೆಸರೇ ‘ಹಲ್ಲು ಮೇಡಂ’. ಚೀಟಿಯಲ್ಲಿ ಹೆಸರು ಇರುವುದಿಲ್ಲ, ನಂಬರ್ ಮಾತ್ರ. ಇಪ್ಪತ್ತೊಂದು ವರ್ಷದಲ್ಲಿ ಯಾರ ಹಲ್ಲು ಅಂತ ನಾನು ಕೇಳಿದವಳಲ್ಲ.

ಇವತ್ತು ಅಚ್ಚು ಬಿಡಿಸಿ ಬೆಳಕಿಗೆ ಹಿಡಿದೆ. ಕೆಳದವಡೆ, ಎಡಗಡೆ ಕಡಲೆಕಾಳಿನಷ್ಟು ಗಂಟು. ಬಲಗಡೆ ಸವೆದು ತಗ್ಗು. ಮೇಲಿನ ಅಂಗುಳಿನಲ್ಲಿ ಓರೆಯಾದ ಗೆರೆ.

ನನಗೆ ನಂಬರ್ ಬೇಕಾಗಲಿಲ್ಲ. ಆರು ವರ್ಷದ ಹಿಂದೆ ಇದೇ ದವಡೆಗೆ ಇದೇ ಮೇಜಿನ ಮೇಲೆ ಸೆಟ್ಟು ಕಟ್ಟಿದ್ದೆ. ಆ ಗಂಟು ಒತ್ತುತ್ತದೆ ಅಂತ ಮೂರು ಸಲ ಉಜ್ಜಿ ಉಜ್ಜಿ ತಗ್ಗಿಸಿದ್ದೆ, ಮನೆಯಲ್ಲೇ ಅತ್ತೆಯ ಬಾಯಿಗಿಟ್ಟು ನೋಡಿ.

ಕೆಳಗಿನ ನರ್ಸನ್ನು ಕೇಳಿದೆ. “ಹೌದು, ಒಬ್ರು ಅಜ್ಜಿ. ನಿನ್ನೆ ಬಂದಿದ್ರು. ಹಳೇ ಸೆಟ್ಟು ಸಡಿಲ ಆಗಿದೆಯಂತೆ. ತುಂಬಾ ತೆಳ್ಳಗಾಗಿದ್ದಾರೆ. ಯಾಕೆ ಮೇಡಂ, ಗೊತ್ತಿರೋರಾ?”

“ಗೊತ್ತಿರೋರು.”

ನಾನು ಮೇಲೆ ಇದ್ದೆ. ನಿನ್ನೆ ಇಡೀ ದಿನ ಇದ್ದೆ. ಹದಿನೆಂಟು ಮೆಟ್ಟಿಲು. ಅವರು ಹತ್ತಲಿಲ್ಲ.

ಹತ್ತಬಾರದು ಅಂತ ತಾನೇ ನಾನು ಅಷ್ಟೆಲ್ಲ ಆಡಿದ್ದು. ಆದರೂ...

ನವೆಂಬರ್ 28, ಶುಕ್ರವಾರ

ಸೆಟ್ಟು ಮುಗಿಯಿತು. ಇಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ. ಹಲ್ಲುಗಳನ್ನು ತೀರಾ ಸಾಲಾಗಿ ಕೂರಿಸಲಿಲ್ಲ, ಮುಂದಿನದು ಒಂದು ಕೂದಲೆಳೆ ಓರೆ. ಸ್ವಂತ ಹಲ್ಲು ಇದ್ದಾಗ ಹಾಗೇ ಇತ್ತಂತೆ, ಅವರೇ ಹೇಳಿದ್ದರು. ಮಂಗಳವಾರ ಟ್ರಯಲ್‌ಗೆ ಬಂದಿದ್ದಾಗ ನಾನು ಕೆಳಗಿಳಿಯಲಿಲ್ಲ. ಮೆಟ್ಟಿಲು ನನಗೂ ಹದಿನೆಂಟೇ.

ಡಾಕ್ಟರ್ ಹೇಳಿದರು, ಅವತ್ತು ಹಾಕಿಕೊಂಡು ನೋಡಿ ಅಜ್ಜಿ ಕನ್ನಡಿ ಹಿಡಿದುಕೊಂಡೇ ಕೂತಿದ್ದರಂತೆ. “ಒತ್ತುತ್ತಾ ಅಂತ ಕೇಳ್ದೆ. ಇಲ್ಲ ಅಂದ್ರು. ಕಣ್ಣಲ್ಲಿ ನೀರಿತ್ತು. ನೀವು ಒಂದ್ಸಲ ಆ ಗಂಟಿರೋ ಬದಿ ಚೆಕ್ ಮಾಡಿ” ಅಂದರು.

ಚೆಕ್ ಮಾಡಿದೆ. ಯಾವ ಬದಿಯಲ್ಲೂ ಏನೂ ಇಲ್ಲ.

ಡಿಸೆಂಬರ್ 20, ಶನಿವಾರ

ಲ್ಯಾಬಿನ ಡೆಲಿವರಿಯವರು ಅತ್ತೆ ಇರುವ ಕಡೆಯೇ ಹೋಗುವವರಿದ್ದರು. ಒಂಬತ್ತು ಬಾಟಲಿ ಪೇಪರಿನಲ್ಲಿ ಸುತ್ತಿ ಡಬ್ಬದಲ್ಲಿಟ್ಟು ಕೊಟ್ಟೆ. ಚೀಟಿ ಬರೆದೆ, ಹರಿದೆ. ಮತ್ತೆ ಬರೆದೆ — ‘ಊಟಕ್ಕೆ’. ಅಷ್ಟೇ ಸಾಕು ಅನ್ನಿಸಿತು.

“ಹುಷಾರು, ಗಾಜು” ಅಂತ ಮೂರು ಸಲ ಹೇಳಿದೆನಂತೆ. “ಮೇಡಂ, ಹದಿನಾರು ವರ್ಷದಿಂದ ಜನರ ಹಲ್ಲು ಸಾಗಿಸ್ತಿದ್ದೀನಿ, ಒಂದೂ ಉದುರಿಲ್ಲ” ಅಂದರು. ನಗು ಬಂತು. ಬಹಳ ದಿನವಾಗಿತ್ತು.

ಡಿಸೆಂಬರ್ 22, ಸೋಮವಾರ

ಡೆಲಿವರಿಯವರು ಡಬ್ಬ ವಾಪಸ್ ತಂದರು. ಕಟ್ಟಿದ ಗಂಟು ಬಿಚ್ಚಿಲ್ಲ.

“ಅಜ್ಜಿನೇ ಬಾಗಿಲು ತೆಗೆದ್ರು ಮೇಡಂ. ಮಗು ಹೆಗಲ ಮೇಲಿತ್ತು. ಎಲ್ಲಿಂದ ಅಂತ ಕೇಳಿದ್ರು, ಹೇಳ್ದೆ. ಡಬ್ಬದ ಮೇಲೆ ಒಂದ್ಸಲ ಕೈಯಿಟ್ರು. ಆಮೇಲೆ, ಬೇಡಪ್ಪ, ತಗೊಂಡ್ಹೋಗು ಅಂದ್ರು.”

“ಬೇರೆ ಏನಾದ್ರೂ ಅಂದ್ರಾ?”

“ಇಲ್ಲ. ಟೀ ಕುಡೀತೀಯಾ ಅಂದ್ರು. ನಾನೇ ಬೇಡ ಅಂದೆ.”

ಸಿಟ್ಟು. ಇರಲಿ. ಸಿಟ್ಟಿರುವುದೇ ಒಳ್ಳೆಯದು. ಮನೆಯಿಂದ ಹೊರಗೆ ಹಾಕಿದವಳ ಕೈಯಡುಗೆ ಯಾರಿಗೆ ಬೇಕು. ಮೂರು ತಿಂಗಳಿಂದ ಒಂದೇ ಒಂದು ಸಮಾಧಾನ ಇಟ್ಟುಕೊಂಡು ಬದುಕಿದ್ದೇನೆ. ಅವರಿಗೆ ಹೋಗಲು ಮನಸ್ಸಿರಲಿಲ್ಲ, ನಾನೇ ದಬ್ಬಿದೆ. ಅವರಾಗಿ ನನ್ನನ್ನು ಬಿಟ್ಟುಹೋಗಲಿಲ್ಲ.

ಡಿಸೆಂಬರ್ 31, ಬುಧವಾರ. ಸಂಜೆ 4

ಲ್ಯಾಬಿಗೆ ರಜೆ. ಬೀದಿಗೇ ರಜೆ. ಒಬ್ಬಳಿಗೆ ಏನು ಅಡುಗೆ ಅಂತ ಬ್ರೆಡ್ಡು ಬಿಸಿಮಾಡಿ ಕೂತಿದ್ದೆ. ಒಂದೂಕಾಲಿಗೆ ಫೋನ್ ಬಂತು. ಅವರ ಮಗನ ನಂಬರ್. ಎತ್ತಿದರೆ ಅತ್ತೆ.

“ಊಟ ಆಯ್ತೇನೇ?”

ಮೂರು ತಿಂಗಳ ಮೇಲೆ ಮೊದಲ ಮಾತು ಇದು. ಆಗಿದೆ ಅಂತ ಸುಳ್ಳು ಹೇಳಿದೆ.

“ತಂಗಿ ಚೆನ್ನಾಗಿದ್ದಾಳಾ?”

“ಚೆನ್ನಾಗಿದ್ದಾಳೆ.”

“ಫೋನ್ ಕೊಡು ಅವಳಿಗೆ.”

ಆ ಕಡೆ ತಟ್ಟೆ, ಚಮಚ, ಜನರ ಮಾತು.

“ಅವಳು ನಿನ್ನ ಜೊತೆ ಮಾತು ಬಿಟ್ಟು ಎಂಟು ವರ್ಷ ಆಯ್ತು. ಅದನ್ನ ನಾನು ಮರೀತೀನಾ? ಸುಳ್ಳು ಹೇಳೋಕೆ ಬೇರೆ ಯಾರೂ ಸಿಗ್ಲಿಲ್ವಾ ನಿನಗೆ?”

“ಅತ್ತೆ...”

“ಅವತ್ತೇ ಗೊತ್ತಾಯ್ತು. ನೀನು ತಟ್ಟೆ ನೋಡ್ತಾ ಮಾತಾಡಿದಾಗಲೇ. ಗೊತ್ತಿದ್ದೂ ಆಯ್ತು ಅಂದೆ. ಯಾಕಂದ್ರೆ ನನಗೆ ಬರಬೇಕಿತ್ತು ಕಣೇ. ಮಗೂನ ನೋಡ್ಬೇಕಿತ್ತು. ನಿನ್ನ ಮುಖ ನೋಡಿ, ಹೋಗ್ತೀನಿ ಅಂತ ಹೇಳೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ನೀನೇ ದಾರಿ ಮಾಡಿಕೊಟ್ಟೆ, ನಾನು ಏನೂ ಗೊತ್ತಿಲ್ದೋಳ ಹಾಗೆ ನಡ್ಕೊಂಡು ಬಂದುಬಿಟ್ಟೆ. ಕೆಟ್ಟ ಹೆಸರು ನಿನ್ನ ತಲೆಗೆ ಕಟ್ಟಿ.”

“ಮತ್ತೆ ಸಾಸ್ ಯಾಕೆ ವಾಪಸ್...”

“ಹೇಗೆ ತಿನ್ಲಿ? ಯಾವ ಮುಖ ಇಟ್ಕೊಂಡು ತಿನ್ಲಿ? ಹಲ್ಲು ಕೂಡ ನೀನೇ ಕೊಟ್ಟಿದ್ದು. ಬಾಯಿಗಿಟ್ಟ ತಕ್ಷಣ ಗೊತ್ತಾಯ್ತು. ಆ ಮೆಟ್ಟಿಲ ಹತ್ರ ನಿಂತು ನಿಂತು ವಾಪಸ್ ಬಂದೆ. ಎರಡು ಸಲ.”

ಅಳುತ್ತಿದ್ದರು ಅನ್ನಿಸುತ್ತದೆ. ನನಗೆ ಅಳು ಬರಲಿಲ್ಲ. ಒಂದು ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು — ಬರಬೇಕಿತ್ತು. ಅದು ಜುಲೈಯಿಂದಲೂ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದೇ ಅಲ್ಲವೇ ಸುಳ್ಳು ಹೇಳಿದ್ದು? ಆದರೂ ಅವರ ಬಾಯಿಂದ ಕೇಳುವುದು ಬೇರೆ.

“ನೀವು ತಪ್ಪು ಮಾಡಿಲ್ಲ ಅತ್ತೆ” ಅಂದೆ. ನಿಜವಾಗಿಯೂ ಮಾಡಿಲ್ಲ. “ಮಗು ಹೇಗಿದೆ?”

“ನಿದ್ದೆ ಮಾಡಲ್ಲ ಕಣೇ. ಹಗಲೂ ಇಲ್ಲ, ರಾತ್ರೀನೂ ಇಲ್ಲ. ನನ್ನ ಹೆಗಲ ಮೇಲೆ ಮಾತ್ರ...” ದನಿ ಅಲ್ಲೇ ಬದಲಾಗಿಹೋಯಿತು. ಅಳು ಇನ್ನೂ ಗಂಟಲಲ್ಲಿತ್ತು, ಅದರ ಮೇಲೆಯೇ ಬೆಳಕು ಬಿದ್ದ ಹಾಗೆ. ಹದಿನೆಂಟು ವರ್ಷ ಜೊತೆಯಲ್ಲಿದ್ದೆ, ಈ ದನಿ ಕೇಳಿರಲಿಲ್ಲ.

ಅಷ್ಟರಲ್ಲಿ ಮಗು ಅತ್ತಿತು. “ಬಂದೆ ಪುಟ್ಟಾ, ಬಂದೆ, ಬಂದೆ...”

ನನಗಲ್ಲ.

ಫೋನ್ ಆಫ್ ಮಾಡಲು ಮರೆತರು. ಮೇಜಿನ ಮೇಲೆಯೇ ಇಟ್ಟು ಹೋದರೆಂದು ಕಾಣುತ್ತದೆ. ನಾನೂ ಇಡಲಿಲ್ಲ. ಬ್ರೆಡ್ಡು ಮುಂದಿಟ್ಟುಕೊಂಡು ಆ ಮನೆಯ ಊಟ ಕೇಳಿದೆ. ಚಮಚಗಳು. ಕುರ್ಚಿ ಎಳೆದದ್ದು. ಅತ್ತೆಯ ತಮ್ಮ ಜೋರಾಗಿ ನಕ್ಕದ್ದು. ಯಾರೋ ಹೆಂಗಸು, ಬಹುಶಃ ಹೊಸ ಸೊಸೆ, “ಅತ್ತೆ, ನೀವು ಮೊದಲು ಊಟ ಮಾಡಿ, ಮಗು ನಂಗೆ ಕೊಡಿ” ಅಂದದ್ದು. ಒಳ್ಳೆಯ ದನಿ. ಕೆಟ್ಟವಳಲ್ಲ.

ಆಮೇಲೆ ಅತ್ತೆಯ ತಮ್ಮ: “ಅಕ್ಕಾ, ಸಾಸ್ ಎಲ್ಲಿ? ಅದಿಲ್ದೆ ಇದೇನು ಊಟ?”

“ಈ ಸಲ ಮಾಡ್ಲಿಲ್ಲ ಕಣೋ. ಹಣ್ಣು ಸಿಗ್ಲಿಲ್ಲ” ಅಂದರು ಅತ್ತೆ.

ಆಗ ಫೋನ್ ಇಟ್ಟೆ.

ಜನವರಿ 3, ಶನಿವಾರ. ಬೆಳಿಗ್ಗೆ

ಅತ್ತೆಯ ರೂಮಿನ ಕಿಟಕಿ ತೆಗೆದು ಗುಡಿಸಿದೆ. ಮಂಚ ಗೋಡೆಗೆ ಸರಿಸಿದೆ. ಸರಿ ಕಾಣಲಿಲ್ಲ. ಮತ್ತೆ ಮೊದಲಿನ ಹಾಗೇ ಎಳೆದೆ.

ಟೈಲರ್ ಬಂದಿದ್ದಳು, ಬಾಗಿಲಲ್ಲೇ ನಿಂತು ವಿಚಾರಿಸಿದಳು. “ಅತ್ತೆ ಬರೋದು ಯಾವಾಗ?” ಎರಡು ಬಾಟಲಿ ಸಾಸ್ ಅವಳ ಕೈಗಿಟ್ಟೆ. ಸಂತೋಷದಿಂದ ಹೋದಳು, ಕೇಳಿದ್ದು ಮರೆತಳು. ನಾನು ಮರೆಯಲಿಲ್ಲ. ನಾಳೆ ಮತ್ತೆ ಕೇಳುತ್ತಾಳೆ, ನಾಡಿದ್ದು ಲ್ಯಾಬಿನಲ್ಲಿ ಕೇಳುತ್ತಾರೆ. ಎಲ್ಲರಿಗೂ ‘ಸ್ವಲ್ಪ ದಿನ’ ಅನ್ನುತ್ತಲೇ ಬಂದಿದ್ದೇನೆ. ನಿಜವನ್ನು ಬಾಯಲ್ಲಿ ಹೇಳುವ ಮೊದಲು ಒಂದು ಸಲ ಇಲ್ಲಿ ಬರೆದು ನೋಡಬೇಕು. ಬರೆದರೆ ರೂಢಿಯಾಗುತ್ತದೆ.

ಅತ್ತೆ ಇನ್ನು ಈ ಮನೆಗೆ...